ಮನೆ ಖಾಲಿ ಮಾಡಿಸಿದರೆ ಕಾಟ ತಪ್ಪೀತೇ?

ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತವೇ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ ಕೌನ್ಸಿಲ್ ಮನೆ ಎನ್ನುತ್ತಾರೆ. ಪಕ್ಕದವರ ಕಾಟ ತಾಳಲಾರದೆ ಅಲ್ಲಿ ದೂರು ಕೊಟ್ಟವರ ಕೈಗೆ ಸಾಮಾನ್ಯವಾಗಿ ಮೊದಲು ಬರುವುದು ಒಂದು ಹಾಳೆ. ಯಾವ ದಿನ, ಎಷ್ಟು ಗಂಟೆಗೆ, ಏನು ಕೇಳಿಸಿತು, ಎಷ್ಟು ಹೊತ್ತು ನಡೆಯಿತು, ಅದರಿಂದ ನಿಮಗೇನಾಯಿತು ಎಂದು ವಾರಗಟ್ಟಲೆ ಬರೆದಿಡಬೇಕು. ಕೋರ್ಟಿಗೆ ಸಾಕ್ಷಿ ಬೇಕು, ನಿಜ. ಆದರೆ ನಿದ್ದೆಗೆಟ್ಟವರ ಮೇಲೆಯೇ ಗುಮಾಸ್ತೆಯ ಕೆಲಸವನ್ನೂ ಹೇರುವುದು ಅನ್ಯಾಯ.

ದೂರು ಕಿವಿಗೆ ಬೀಳದಿದ್ದರೆ ಏನಾಗುತ್ತದೆ ಎಂಬುದನ್ನು ಲೆಸ್ಟರ್‌ಶೈರ್‌ನ ಬಾರ್‌ವೆಲ್ ಎಂಬ ಊರು ಕಂಡಿದೆ. ಬೀದಿಯ ಹುಡುಗರ ಹಿಂಸೆ ಸಹಿಸಲಾರದೆ ಅಲ್ಲಿನ ತಾಯಿಯೊಬ್ಬಳು ಹತ್ತು ವರ್ಷಗಳಲ್ಲಿ 33 ಸಲ ಪೊಲೀಸರಿಗೆ ಫೋನ್ ಮಾಡಿದ್ದಳು. 2007ರಲ್ಲಿ ಆಕೆ ಅಂಗವಿಕಲ ಮಗಳೊಂದಿಗೆ ಪ್ರಾಣ ಕಳೆದುಕೊಂಡಳು. ಒಂದೊಂದು ಕರೆಯನ್ನೂ ಬಿಡಿಬಿಡಿಯಾಗಿ ನೋಡಿದವರಿಗೆ ಆ ಮನೆಯ ನರಕ ಕಾಣಿಸಲೇ ಇಲ್ಲ. ಪದೇ ಪದೇ ಬಂದ ದೂರುಗಳನ್ನು ಒಟ್ಟಿಗೆ ಪರಿಶೀಲಿಸಿ ಎಂದು ಒತ್ತಾಯಿಸುವ ಹಕ್ಕು ಜನರಿಗೆ ಸಿಕ್ಕಿದ್ದು 2014ರ ಕಾಯ್ದೆಯಲ್ಲಿ.

ಕಾಯ್ದೆಗಳಿಗೇನೂ ಬರವಿರಲಿಲ್ಲ. ಹೊಸ ಬಾಡಿಗೆದಾರರಿಗೆ ಮೊದಲ ವರ್ಷ ಪರೀಕ್ಷೆಯ ಅವಧಿ ಎಂದಿಡಲು 1996ರ ಕಾಯ್ದೆ ಅವಕಾಶ ಕೊಟ್ಟಿತು. ಪುಂಡಾಟ ತಡೆಯುವ ಕೋರ್ಟ್ ಆದೇಶ 1998ರಲ್ಲಿ ಬಂತು. 2014ರ ಕಾಯ್ದೆ ಅದನ್ನು ಬದಲಿಸಿ, ಗಂಭೀರ ಪ್ರಕರಣಗಳಲ್ಲಿ ಮನೆ ಬಿಡಿಸುವ ದಾರಿಯನ್ನು ಇನ್ನಷ್ಟು ಸಲೀಸು ಮಾಡಿತು. ಹಾಗೆ ಹೊರಬಿದ್ದ ಸಂಸಾರ ಗಾಳಿಯಲ್ಲಿ ಕರಗಿಹೋಗುವುದಿಲ್ಲವಲ್ಲ! ಖಾಸಗಿ ಬಾಡಿಗೆ ಮನೆಯೊಂದನ್ನು ಹಿಡಿಯುತ್ತದೆ. ಅದೇ ಕುಡಿತ, ಅದೇ ಜಗಳ, ಶಾಲೆ ತಪ್ಪಿದ ಅದೇ ಮಕ್ಕಳು. ನೆರೆಯವರು ಮಾತ್ರ ಹೊಸಬರು.

ಸ್ಕಾಟ್ಲೆಂಡಿನ ಡಂಡೀ ನಗರ 1996ರಲ್ಲಿ ಬೇರೆ ದಾರಿ ಹಿಡಿಯಿತು. ಕಾಟದ ದೂರಿನಿಂದಾಗಿ ಮನೆ ಕಳೆದುಕೊಂಡ, ಇಲ್ಲವೇ ಕಳೆದುಕೊಳ್ಳುವ ಹಂತದಲ್ಲಿದ್ದ ಸಂಸಾರಗಳ ಜೊತೆ ನಗರಾಡಳಿತವೂ ಮಕ್ಕಳ ಸೇವಾಸಂಸ್ಥೆಯೊಂದೂ ಸೇರಿ ಕೆಲಸ ಶುರುಮಾಡಿದವು. ಪರಿಸ್ಥಿತಿ ತೀರ ಕೆಟ್ಟಿದ್ದ ಕೆಲವು ಸಂಸಾರಗಳನ್ನು ಸಿಬ್ಬಂದಿ ಸದಾ ಇರುವ ಒಂದೇ ಕಟ್ಟಡದಲ್ಲಿ ಇರಿಸಿದರು. ಅಲ್ಲಿನ ಶಿಸ್ತು ಬಿಗಿ: ಯಾರು ಬರಬಹುದು, ಮಕ್ಕಳು ಎಷ್ಟು ಹೊತ್ತಿಗೆ ಮಲಗಬೇಕು ಎಂಬುದಕ್ಕೂ ಕಟ್ಟಳೆ. ದೊಡ್ಡವರ ಬದುಕಿನಲ್ಲಿ ಇಷ್ಟು ಕೈಹಾಕುವುದು ಸರಿಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೂ ಬೀದಿಗೆ ತಳ್ಳುವುದಕ್ಕಿಂತ ಇದು ಮಾನವೀಯ ಎಂದೇ ನನ್ನ ನಂಬಿಕೆ. ಸಿಬ್ಬಂದಿ ಬರೀ ಬುದ್ಧಿ ಹೇಳಿ ಹೋಗುತ್ತಿರಲಿಲ್ಲ. ಮಕ್ಕಳನ್ನು ಸಂಭಾಳಿಸುವುದು, ಸಿಟ್ಟು ಹತೋಟಿಯಲ್ಲಿಡುವುದು, ಮನೆ ತೂಗಿಸುವುದು ಎಲ್ಲಕ್ಕೂ ಜೊತೆಗೆ ನಿಲ್ಲುತ್ತಿದ್ದರು. ಸುತ್ತಲಿನ ನಿವಾಸಿಗಳು ಮೊದಮೊದಲು ವಿರೋಧಿಸಿದ್ದರು. 2001ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ಬಹುಪಾಲು ಸಂಸಾರಗಳಲ್ಲಿ ಸುಧಾರಣೆ ಕಂಡಿತು.

ಇಂಗ್ಲೆಂಡ್ 2006ರಿಂದ ಇದೇ ಮಾದರಿಯನ್ನು ಹಲವೆಡೆ ತಂದಿತು. ಮುಂದಿನ ಸರ್ಕಾರ 1,20,000 ಸಂಸಾರಗಳ ಗುರಿಯಿಟ್ಟು, ಫಲಿತಾಂಶ ತೋರಿಸಿದರೆ ಹಣ ಎಂಬ ಷರತ್ತು ಹಾಕಿತು. ಸಂಸಾರ ರಿಪೇರಿಗೆ ಲೆಕ್ಕದ ಗಡಿಬಿಡಿ ಒಗ್ಗುವುದಿಲ್ಲ. 2016ರ ಮೌಲ್ಯಮಾಪನಕ್ಕೆ ಆ ಯೋಜನೆಯಿಂದ ಗಣನೀಯ ಪರಿಣಾಮವೇ ಕಾಣಲಿಲ್ಲ. ಡಂಡೀಯಂಥ ಕೆಲಸಕ್ಕೆ ಹಣ ಬೇಕು ಎಂದು ಆಡಳಿತಗಾರರು ಹಿಂಜರಿಯುತ್ತಾರೆ. ಮನೆ ಬಿಡಿಸುವ ಕೋರ್ಟು ಖರ್ಚು, ತಾತ್ಕಾಲಿಕ ವಸತಿ, ಮಕ್ಕಳನ್ನು ಬೇರೆಡೆ ಸಾಕುವ ವೆಚ್ಚ ಇವನ್ನೂ ಅದೇ ಕಾಗದದ ಮೇಲೆ ಬರೆದು ಕೂಡಿಸಲಿ.