ಒಬ್ಬ ಮೇಷ್ಟ್ರು, ಮೂರು ತರಗತಿ

ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಎಂದರೆ ಬಹುತೇಕ ಕಡೆ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಐದು ತರಗತಿ. ಐದನ್ನು ಎರಡರಿಂದ ಭಾಗಿಸಿದರೆ ಒಬ್ಬರ ಪಾಲಿಗೆ ಎರಡೂವರೆ ತರಗತಿ ಬರಬೇಕು. ಅರ್ಧ ತರಗತಿ ಎಂಬುದು ಇಲ್ಲದ ಕಾರಣ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಎರಡು. ಒಬ್ಬರು ರಜೆ ಹಾಕಿದ ದಿನ, ಅಥವಾ ತಾಲ್ಲೂಕು ಕಚೇರಿಗೆ ಮೀಟಿಂಗಿಗೆ ಹೋದ ದಿನ, ಉಳಿದವರಿಗೆ ಐದಕ್ಕೆ ಐದೂ. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ತಪ್ಪೆನ್ನುವುದಿಲ್ಲ. ಒಂದರಿಂದ ಐದನೇ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು ಸಾಕೆಂದು ಅದರ ಪರಿಶಿಷ್ಟದಲ್ಲೇ ಬರೆದಿದೆ. ಕಾಯ್ದೆ ಮಕ್ಕಳ ತಲೆ ಎಣಿಸುತ್ತದೆ, ತರಗತಿಗಳನ್ನು ಎಣಿಸುವುದಿಲ್ಲ.

ಸರ್ಕಾರಿ ಶಾಲೆಯ ಮೇಷ್ಟ್ರ ಕೆಲಸವನ್ನು ಹೊರಗಿನವರು ಅಳೆಯುವಾಗ ಮರೆಯುವುದು ಇದನ್ನೇ. ಪಟ್ಟಣದ ಶಾಲೆಯಲ್ಲಿ ಒಂದು ಕೊಠಡಿ, ಒಂದು ತರಗತಿ, ಒಂದು ಪಾಠ. ಹಳ್ಳಿಯಲ್ಲಿ ಒಂದೇ ಗೋಡೆಯೊಳಗೆ ಒಂದನೇ ತರಗತಿಯ ಮಗು ಅಕ್ಷರ ತಿದ್ದುತ್ತಿರುತ್ತದೆ, ಎರಡನೆಯದು ಕೂಡುವ ಲೆಕ್ಕ ಮಾಡುತ್ತಿರುತ್ತದೆ, ಮೂರನೆಯದಕ್ಕೆ ಭಾಗಾಕಾರ ಅರ್ಥವಾಗಿರುವುದಿಲ್ಲ. ಮೂರು ಒಲೆಗಳ ಮೇಲೆ ಮೂರು ಪಾತ್ರೆ ಇಟ್ಟು ಯಾವುದೂ ಸೀಯದಂತೆ ನೋಡಿಕೊಳ್ಳುವ ಕೆಲಸ ಇದು. ಶಿಕ್ಷಣ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಬಹುವರ್ಗ ಬೋಧನೆ ಎಂದು ಹೆಸರು.

ಹೆಸರು ಹೊಸದಾದರೂ ಸಂಗತಿ ಹಳೆಯದು. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಇದನ್ನು ಕೊರತೆ ಎಂದು ಯಾರೂ ಭಾವಿಸಿರಲಿಲ್ಲ. ನಮ್ಮ ಸೀಮೆಯಲ್ಲಿ ಶಾಲೆ ಎಂದರೆ ಹೀಗೆಯೇ ಇರುತ್ತಿತ್ತು. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಕಲೆಕ್ಟರುಗಳಿಂದ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದ ವರದಿ ಉಳಿದವರಿಗಿಂತ ವಿವರವಾಗಿತ್ತು. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. (ಇಂದಿನ ಆಂಧ್ರದ ಅನಂತಪುರ ಸೀಮೆ ಆಗ ಬಳ್ಳಾರಿಗೇ ಸೇರಿತ್ತು.) ಭಾಗಿಸಿ ನೋಡಿದರೆ ಒಂದು ಶಾಲೆಗೆ ಸುಮಾರು 12 ಮಕ್ಕಳು. ಒಬ್ಬ ಐಗಳು, ಒಂದು ಜಗುಲಿ. ಇದೇ ಕೂಲಿ ಮಠ.

ಕ್ಯಾಂಪ್‌ಬೆಲ್ಲನ ವರದಿಯಲ್ಲಿ ಆ ಶಾಲೆಯ ದಿನಚರಿ ಕಣ್ಣಿಗೆ ಕಟ್ಟುವಂತಿದೆ. ಬೆಳಗಿನ ಆರಕ್ಕೆ ಶಾಲೆ ಶುರು. ಮೊದಲು ಬಂದವನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರು, ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಆಮೇಲೆ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಚಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆದು ಅಳಿಸಿ ಮತ್ತೆ ಬರೆಯಬಹುದಿತ್ತು. ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಗುಂಪು ಮಾಡಲಾಗುತ್ತಿತ್ತು. ಮೇಲಿನ ಗುಂಪು ಐಗಳ ಕೈಯಲ್ಲಿ. ಕೆಳಗಿನವರನ್ನು ಬಹುಮಟ್ಟಿಗೆ ಮುಂದುವರಿದ ಹುಡುಗರೇ ನೋಡಿಕೊಳ್ಳುತ್ತಿದ್ದರು. ಐಗಳ ಕಣ್ಣು ಮಾತ್ರ ಎಲ್ಲರ ಮೇಲೂ.

ಬಲ್ಲವನು ಬಾರದವನಿಗೆ ಹೇಳಿಕೊಡುವ ಈ ಏರ್ಪಾಟನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡ. ಹೇಳಿಕೊಡುವ ಹುಡುಗನ ಕಲಿಕೆಯೂ ಇದರಿಂದ ಗಟ್ಟಿಯಾಗುತ್ತದೆ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬುದು ಅವನ ಅಭಿಪ್ರಾಯ. ಅನುಕರಣೆಯ ಕತೆ ಹೀಗಿದೆ. ಮದ್ರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಹೊಣೆಯನ್ನು ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಲ್ಲಿ ವಹಿಸಿಕೊಂಡಿದ್ದ. ಆ ಕಡೆಯ ದೇಶಿ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದ. ಕೈಕೆಳಗಿನ ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನೊಬ್ಬನಿಗೇ ಸಣ್ಣವರಿಗೆ ಕಲಿಸುವ ಕೆಲಸ ವಹಿಸಿದ. ಊರಿಗೆ ಮರಳಿ 1797ರಲ್ಲಿ ಪುಸ್ತಕ ಬರೆದ. ಅದು ‘ಮದ್ರಾಸ್ ಪದ್ಧತಿ’ ಎಂದು ಪ್ರಸಿದ್ಧವಾಗಿ ಇಂಗ್ಲೆಂಡಿನ ಬಡವರ ಶಾಲೆಗಳಿಗೆಲ್ಲ ಹಬ್ಬಿತು. ಬೆಲ್ ಬಿಟ್ಟುಹೋದ ಹಣದಿಂದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನಲ್ಲಿ ಎದ್ದ ಶಾಲೆಗೆ ಇಂದಿಗೂ ಮದ್ರಾಸ್ ಕಾಲೇಜ್ ಎಂದೇ ಹೆಸರು. ಮದ್ರಾಸು ಚೆನ್ನೈ ಆದರೂ ಅವರು ಬದಲಾಯಿಸಿಲ್ಲ.

ಹಾಗೆಂದು ಕೂಲಿ ಮಠವನ್ನು ಹಾಡಿ ಹೊಗಳುವಂತಿಲ್ಲ. ಸೋಮಾರಿ ಹುಡುಗನ ಎರಡೂ ಕೈ ಕಟ್ಟಿ ಜಂತೆಗೆ ನೇತುಹಾಕುತ್ತಿದ್ದರೆಂದು ಅದೇ ವರದಿಯಲ್ಲಿದೆ. ಕೋದಂಡ ಎಂಬ ಮಾತು ಹಳಬರಿಗೆ ನೆನಪಿರಬಹುದು. ಫೀಸು ಕೊಡಲಾರದವರ ಮಕ್ಕಳು ಒಳಗೆ ಬರುತ್ತಿರಲಿಲ್ಲ, ಹೆಣ್ಣುಮಕ್ಕಳು ಅಪರೂಪ, ಅಸ್ಪೃಶ್ಯರೆನಿಸಿಕೊಂಡವರಿಗೆ ಜಗುಲಿಯೇ ದೂರ. ಐಗಳ ಮುಂದೆ ಕೂತಿದ್ದ ಹನ್ನೆರಡು ಮಂದಿ ಊರಿನ ಎಲ್ಲ ಮಕ್ಕಳಲ್ಲ, ಆರಿಸಿ ಬಂದವರು. ಎಲ್ಲರಿಗೂ ಬಾಗಿಲು ತೆರೆಯುವ ಹೊಣೆ ಹೊತ್ತದ್ದು ಆಮೇಲೆ ಬಂದ ಸರ್ಕಾರಿ ಶಾಲೆ. ಅದರ ಕಷ್ಟಗಳೂ ಅಲ್ಲಿಂದಲೇ ಶುರುವಾದವು.

ಮೈಸೂರು ಸೀಮೆಯಲ್ಲಿ ಬಿ.ಎಲ್. ರೈಸ್ ವಿದ್ಯಾ ಇಲಾಖೆಯ ಮುಖ್ಯಸ್ಥನಾಗಿದ್ದಾಗ, 1868ರಲ್ಲಿ, ಹೋಬಳಿಗೊಂದು ಶಾಲೆ ತೆರೆಯುವ ಯೋಜನೆ ಬಂತು. ಶಾಸನಗಳ ರೈಸ್ ಎಂದೇ ನಮ್ಮವರಿಗೆ ಪರಿಚಿತನಾದ ಈತನ ಈ ಕೆಲಸ ಅಷ್ಟಾಗಿ ಜನರ ನೆನಪಿನಲ್ಲಿಲ್ಲ. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು. ಹೊಸ ಶಾಲೆಯ ಜೊತೆಗೆ ಅಚ್ಚಾದ ಪಠ್ಯಪುಸ್ತಕ, ವರ್ಷಾಂತ್ಯದ ಪರೀಕ್ಷೆ, ಇನ್‌ಸ್ಪೆಕ್ಟರು, ವಯಸ್ಸಿಗೆ ತಕ್ಕ ತರಗತಿ ಎಲ್ಲವೂ ಬಂದವು. ಒಂದು ತರಗತಿಯ ಮಕ್ಕಳೆಲ್ಲ ಒಂದೇ ದಿನ ಒಂದೇ ಪಾಠ ಕಲಿಯುತ್ತಾರೆ, ಅವರಿಗೊಬ್ಬ ಉಪಾಧ್ಯಾಯ ಇರುತ್ತಾನೆ ಎಂಬುದು ಈ ವ್ಯವಸ್ಥೆಯ ತಳಹದಿ. ಆದರೆ ಹಳ್ಳಿಗೆ ತರಗತಿಗಳು ಬಂದವೇ ಹೊರತು ತರಗತಿಗೊಬ್ಬ ಉಪಾಧ್ಯಾಯ ಬರಲಿಲ್ಲ. ಮೇಷ್ಟ್ರು ಕರಿಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಪಾಲು ಮಾಡಿದರು. ಈ ಪಾಲು ಇವರಿಗೆ, ಆ ಪಾಲು ಅವರಿಗೆ. ಒಂದು ತರಗತಿಗೆ ಪಾಠ ಹೇಳುವಾಗ ಉಳಿದವರಿಗೆ ಕಾಪಿ ಬರಹ, ಇಲ್ಲವೇ ಮಗ್ಗಿ. ಮಕ್ಕಳನ್ನು ಸುಮ್ಮನಿರಿಸಲು ಇದು ಒಳ್ಳೆಯ ಉಪಾಯ. ಕಲಿಸಲು ಅಲ್ಲ.

ಇದು ಕೊರತೆ ಎಂದು ದೆಹಲಿ ಒಪ್ಪಿದ್ದು ತಡವಾಗಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್ ಬೋರ್ಡ್’ ಯೋಜನೆಯಲ್ಲಿ ಏಕೋಪಾಧ್ಯಾಯ ಶಾಲೆಗೆ ಎರಡನೆಯ ಶಿಕ್ಷಕರನ್ನು ಕೊಡುವ, ಕನಿಷ್ಠ ಎರಡು ಕೊಠಡಿ ಕಟ್ಟುವ ಮಾತು ಬಂತು. ಒಂದು ಎರಡಾಯಿತು. ಐದು ಐದಾಗಿಯೇ ಉಳಿಯಿತು.

ಬೇರೆ ದಾರಿ ಹುಡುಕಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು. ಕಬಿನಿಯ ಆಚೀಚಿನ, ಕಾಡಂಚಿನ ತಾಲ್ಲೂಕು ಅದು. ಜೇನುಕುರುಬರ ಹಾಡಿಗಳು ಅಲ್ಲಿವೆ. ಕೆಲಸವಿದ್ದಾಗ ಕುಟುಂಬಕ್ಕೆ ಕುಟುಂಬವೇ ಕೊಡಗಿನ ಕಾಫಿ ತೋಟಗಳಿಗೆ ಹೋಗಿಬಿಡುವುದುಂಟು. ಹದಿನೈದು ದಿನ ಬಿಟ್ಟು ಬಂದ ಮಗುವಿಗೆ ತರಗತಿ ಆರು ಪಾಠ ಮುಂದೆ ಹೋಗಿರುತ್ತದೆ. ಅಲ್ಲಿಂದ ಮುಂದೆ ಆ ಮಗು ಹಿಂದಿನ ಸಾಲಿನಲ್ಲಿ ಕೂತು ಕೊನೆಗೊಮ್ಮೆ ಬರುವುದನ್ನೇ ನಿಲ್ಲಿಸುತ್ತದೆ. 1995ರಲ್ಲಿ ಈ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿ ಸಮೀಪದ ರಿಷಿವ್ಯಾಲಿಗೆ ಹೋಗಿಬಂದರು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಬಿಡಿಸಿ ಕಾರ್ಡುಗಳನ್ನಾಗಿ ಮಾಡಿದ್ದರು. ಕೋಟೆಯ ಶಿಕ್ಷಕರು ಅದನ್ನು ಕನ್ನಡಕ್ಕೆ ಒಗ್ಗಿಸಿ, ಹಾಡು ಕತೆ ಆಟ ಸೇರಿಸಿ ತಮ್ಮದೇ ಕಾರ್ಡು ಬರೆದರು. ಇದೇ ‘ನಲಿ-ಕಲಿ’. ಇಲಾಖೆಯ ಸುತ್ತೋಲೆಯಿಂದ ಹುಟ್ಟಿದ್ದಲ್ಲ, ಪಾಠ ಮಾಡುವವರಿಂದ ಹುಟ್ಟಿದ್ದು ಎಂಬುದು ಇದರ ವಿಶೇಷ. 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಇದನ್ನು ವಿಸ್ತರಿಸಲಾಯಿತು. ಮರುವರ್ಷ ಮೂರನೇ ತರಗತಿಗೂ.

ಇದರ ಕ್ರಮ ಸರಳ. ಮೂರು ತರಗತಿಯ ಮಕ್ಕಳೂ ಒಂದೇ ಕೊಠಡಿಯಲ್ಲಿ ಬೆರೆತು ಕೂರುತ್ತಾರೆ. ಗೋಡೆಯ ಮೇಲೆ ಕಲಿಕೆಯ ಏಣಿ; ಅದರ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರದ ಗುರುತು. ಮಗು ತಾನು ನಿಂತಿರುವ ಮೆಟ್ಟಿಲಿನ ಗುರುತು ನೋಡಿ ಅದೇ ಗುರುತಿನ ಕಾರ್ಡು ತೆಗೆದುಕೊಳ್ಳುತ್ತದೆ. ಕೂರುವ ಜಾಗ ಐದು ಬಗೆ. ಅವಕ್ಕೆ ತಟ್ಟೆಗಳೆಂದು ಹೆಸರು. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ತಟ್ಟೆಯಲ್ಲಿ, ಅರೆ ನೆರವು ಸಾಕಾದವರು ಇನ್ನೊಂದರಲ್ಲಿ, ಜೊತೆಯವರ ನೆರವಿನಿಂದ ಕಲಿಯುವವರು ಎರಡರಲ್ಲಿ, ತಾನೇ ಮಾಡಿಕೊಳ್ಳಬಲ್ಲವರು ಕೊನೆಯದರಲ್ಲಿ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದದ್ದು, ಮಡಿಚಿದ್ದು ತೂಗಾಡುತ್ತಿರುತ್ತದೆ. ಹದಿನೈದು ದಿನ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಬಲ್ಲವರು ಬಾರದವರಿಗೆ ಹೇಳಿಕೊಡುವ ಐಗಳ ಪದ್ಧತಿ, ಕೋದಂಡವನ್ನು ಅಲ್ಲೇ ಬಿಟ್ಟು, ವಾಪಸು ಬಂದಂತಾಯಿತು.

ಅಕ್ಷರ ಕಲಿಸುವ ಕ್ರಮ ಇನ್ನೂ ಸ್ವಾರಸ್ಯದ್ದು. ಅ ಆ ಇ ಈ ಎಂದು ಆರಂಭಿಸುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಬರೆಯಲು ಬಹುಮಟ್ಟಿಗೆ ಒಂದೇ ಬಗೆಯ ಸುತ್ತು, ಕೂಡಿಸಿದರೆ ತಕ್ಷಣ ಪದ: ಸರ, ದರ, ಅರಸ, ಅಗಸ, ಗರಗಸ. ಕೇವಲ ಐದು ಅಕ್ಷರ ಕಲಿತ ಮಗು ‘ದಸರ’ ಎಂದು ಓದಿಬಿಡುತ್ತದೆ. ಮುಂದಿನ ಗುಂಪು ಜ, ವ, ಮ, ಬ, ನ. ಆಗ ಜನ, ವನ, ಮನ. ಐವತ್ತು ಅಕ್ಷರ ಮುಗಿಯುವವರೆಗೆ ಪದಕ್ಕಾಗಿ ಕಾಯಬೇಕಿಲ್ಲ. ಮನೆಯಲ್ಲಿ ಅಜ್ಜ ‘ಅ ಆ ಹೇಳು’ ಎಂದಾಗ ಮಗು ತಡವರಿಸಿದರೆ ಶಾಲೆಯಲ್ಲಿ ಏನೂ ಕಲಿಸುತ್ತಿಲ್ಲವೆಂಬ ದೂರು ಬರುತ್ತದೆ. ಆಡಿಸುತ್ತಾರೆ, ಓದಿಸುವುದಿಲ್ಲ ಎಂಬುದು ನಲಿ-ಕಲಿಯ ಮೇಲೆ ಪೋಷಕರ ಹಳೆಯ ಆಕ್ಷೇಪ. ಅದಕ್ಕೆ ಉತ್ತರ ಹೇಳುವುದೂ ಮೇಷ್ಟ್ರ ಕೆಲಸವೇ.

ಈ ಪದ್ಧತಿ ಮೇಷ್ಟ್ರ ಭಾರ ಇಳಿಸಿತು ಎಂದುಕೊಳ್ಳುವುದು ಸುಲಭ. ವಾಸ್ತವ ಬೇರೆ. ಹಳೆಯ ಕ್ರಮದಲ್ಲಿ ಶಿಕ್ಷಕರಿಗೆ ಪಾಠ ಎಲ್ಲಿಗೆ ಬಂದಿದೆ ಎಂದು ಗೊತ್ತಿದ್ದರೆ ಸಾಕಿತ್ತು. ಇಲ್ಲಿ ಮೂವತ್ತು ಮಕ್ಕಳಲ್ಲಿ ಯಾರು ಯಾವ ಮೆಟ್ಟಿಲಲ್ಲಿ ನಿಂತಿದ್ದಾರೆ, ಯಾರಿಗೆ ಇಂದು ಪೂರ್ಣ ನೆರವು ಬೇಕು, ಯಾರು ಕಾರ್ಡು ಮುಗಿಸದೆ ಪಕ್ಕದವನದನ್ನು ನೋಡಿ ಬರೆದರು ಎಂಬುದು ಗೊತ್ತಿರಬೇಕು. ಕಾರ್ಡು ಹರಿಯುತ್ತದೆ, ಕಳೆಯುತ್ತದೆ. ಒಂದು ಕಾರ್ಡು ಇಲ್ಲದಿದ್ದರೆ ಏಣಿಯ ಒಂದು ಮೆಟ್ಟಿಲೇ ಇಲ್ಲ. ಹೀಗಾಗಿ ನಲಿ-ಕಲಿಗೆ ಮುಖ್ಯವಾಗಿ ಬೇಕಾದದ್ದು ಕಾರ್ಡಿಗಿಂತ ಹೆಚ್ಚಾಗಿ ಶಿಕ್ಷಕರ ಅಖಂಡ ಹಾಜರಿ. ಒಂದು ದಿನಕ್ಕೆ ಬಂದ ಬದಲಿ ಶಿಕ್ಷಕರು ಪಠ್ಯಪುಸ್ತಕದ ಪಾಠ ಮುಂದುವರಿಸಬಹುದು. ಮೂವತ್ತು ಮಕ್ಕಳ ಮೂವತ್ತು ಮೆಟ್ಟಿಲುಗಳನ್ನು ಅವರು ಎಲ್ಲಿಂದ ಬಲ್ಲರು?

ಹಳ್ಳಿಯ ಮೇಷ್ಟ್ರಿಗೆ ಇಲ್ಲದಿರುವುದು ಈ ಅಖಂಡ ಸಮಯವೇ. ಕಾಯ್ದೆಯ ಪ್ರಕಾರ ಶಿಕ್ಷಕರ ವಾರದ ದುಡಿಮೆ, ಪಾಠದ ಸಿದ್ಧತೆಯೂ ಸೇರಿ, 45 ಗಂಟೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಅದೇ ಕಾಯ್ದೆಯ 27ನೇ ಕಲಮು ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕರೆಯಬಾರದೆನ್ನುತ್ತದೆ. ಬಿಟ್ಟಿರುವ ಮೂರೇ ಸಾಕಷ್ಟು ದೊಡ್ಡವು. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಶಿಕ್ಷಕರೇ ಹೆಚ್ಚು. ಕೆಲಸ ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಬೇಕಾಯಿತು.

ಶಾಲೆಯೊಳಗಿನ ಕೆಲಸವೂ ಬೆಳೆದಿದೆ. 2002ರಲ್ಲಿ ಬಿಸಿಯೂಟ ಬಂತು, 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು. ಇವು ಬೇಡವೆಂದು ಯಾರೂ ಹೇಳಲಾರರು; ಹಸಿದ ಮಗು ಯಾವ ಏಣಿಯನ್ನೂ ಹತ್ತುವುದಿಲ್ಲ. ಆದರೆ ಅಕ್ಕಿ ಬೇಳೆಯ ದಾಸ್ತಾನು, ಉಂಡವರ ಎಣಿಕೆ, ಸಮವಸ್ತ್ರದ ಪಟ್ಟಿ, ವಿದ್ಯಾರ್ಥಿಗಳ ವಿವರವನ್ನು ಕಂಪ್ಯೂಟರಿಗೆ ತುಂಬುವುದು ಎಲ್ಲಕ್ಕೂ ಇಬ್ಬರೇ. ಗುಮಾಸ್ತರಿಲ್ಲ, ಜವಾನರಿಲ್ಲ. ಇಬ್ಬರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರಾದ್ದರಿಂದ ತಾಲ್ಲೂಕು ಕೇಂದ್ರಕ್ಕೆ ಅಲೆಯುವವರೂ ಅವರೇ.

ಮೂರನೇ ತರಗತಿ ಮುಗಿದ ಮೇಲೆ ಮಗು ಪಕ್ಕದ ಕೊಠಡಿಗೆ ಹೋಗುತ್ತದೆ. ಅಲ್ಲಿ ತಟ್ಟೆಗಳಿಲ್ಲ, ಏಣಿಯಿಲ್ಲ. ನಾಲ್ಕನೇ ತರಗತಿಯ ಪಠ್ಯಪುಸ್ತಕಗಳಿವೆ, ಪಾಠಕ್ಕೆ ಇಷ್ಟು ದಿನ ಎಂಬ ಲೆಕ್ಕವಿದೆ, ಜೊತೆಗೆ ಐದನೇ ತರಗತಿಯವರಿದ್ದಾರೆ. ಮೂರು ವರ್ಷ ತನ್ನ ಕಾಲಿನ ವೇಗದಲ್ಲಿ ಹತ್ತಿದ ಮಗು ಇಲ್ಲಿ ಎಲ್ಲರೊಡನೆ ಸಾಲಾಗಿ ನಡೆಯಬೇಕು. ಏಣಿ ಪೂರ್ತಿ ಹತ್ತದೆಯೇ ಬಂದವರು ಕೆಲವರಿರುತ್ತಾರೆ. ಅವರಿಗಾಗಿ ಈ ಮೇಷ್ಟ್ರು ಹಳೆಯ ಕಾರ್ಡುಗಳನ್ನು ಪಕ್ಕದ ಕೊಠಡಿಯಿಂದ ಎರವಲು ತಂದು ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಕೂರಿಸಬೇಕು. ಆ ಹೊತ್ತಿಗೆ ಐದನೆಯವರಿಗೆ ಕರಿಹಲಗೆಯ ಬಲಭಾಗದಲ್ಲಿ ಲೆಕ್ಕ ಬರೆದುಕೊಡಬೇಕು.