ಗುಟ್ಟಿನ ಟಿಪ್ಪಣಿಗೆ ಗಿರಾಕಿ ಇದ್ದಾರೆಯೇ?

ಎನ್‌ಕ್ರಿಪ್ಟ್ ಆದ ಟಿಪ್ಪಣಿ ಆ್ಯಪ್ ಎಂದರೆ ಬರೆದವರ ಹೊರತು ಬೇರೆ ಯಾರೂ ಓದಲಾಗದ ನೋಟ್‌ಬುಕ್. ಬರೆದದ್ದು ಫೋನಿನಿಂದ ಹೊರಡುವ ಮೊದಲೇ ಅರ್ಥವಾಗದ ಅಕ್ಷರರಾಶಿಯಾಗುತ್ತದೆ. ಅದನ್ನು ಬಿಡಿಸುವ ಕೀಲಿ ಬಳಸುವವರ ಪಾಸ್‌ವರ್ಡಿನಲ್ಲಿದೆ. ಕಂಪನಿಯ ಸರ್ವರ್‌ನಲ್ಲಿ ಉಳಿಯುವುದು ಆ ರಾಶಿ ಮಾತ್ರ. ಸ್ಟ್ಯಾಂಡರ್ಡ್ ನೋಟ್ಸ್, ನೋಟ್ಸ್‌ನೂಕ್ ಈ ಬಗೆಯವು. ಇಂಥದ್ದನ್ನು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಜನರಿಗಾಗಿ ಕನ್ನಡದಲ್ಲಿ ಕಟ್ಟುವುದಾದರೆ, ತಿಂಗಳುಗಟ್ಟಲೆ ಕೋಡ್ ಬರೆಯುವ ಮೊದಲೇ ಅದು ಯಾರಿಗೆ ಬೇಕಾಗಿದೆ ಎಂದು ತಿಳಿದುಕೊಳ್ಳಬೇಕು.

"ಹೀಗೊಂದು ಆ್ಯಪ್ ಬಂದರೆ ಬಳಸುತ್ತೀರಾ?" ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. "ಛಲೋ ಐತ್ರಿ, ಮಾಡ್ರಿ" ಎಂಬ ಉತ್ತರ ಸಿಗುತ್ತದೆ. ಕೇಳಿದವರ ಮನಸ್ಸು ನೋಯಿಸಬಾರದೆಂಬ ಒಳ್ಳೆಯತನ ಅದು. ಆದ ಕೆಲಸದ ಬಗ್ಗೆ ಕೇಳಿದರೆ ಮಾತ್ರ ನಿಜ ಹೊರಬೀಳುತ್ತದೆ. ಕಳೆದ ಸಲ ಎಟಿಎಂ ಪಿನ್ ಮರೆತಾಗ ಏನು ಮಾಡಿದಿರಿ? ಲಾವಣಿಗೆ ಕೊಟ್ಟ ಹೊಲದ ಲೆಕ್ಕ ಎಲ್ಲಿ ಬರೆದಿದ್ದೀರಿ? ಅದನ್ನು ಯಾರಿಗೆ ತೋರಿಸುವುದಿಲ್ಲ? ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದ ನಾಲ್ಕು ಅಂಕಿ, ಬೀಗರ ಹೆಸರಿನಲ್ಲಿ ಫೋನ್ ನಂಬರಿನಂತೆ ಉಳಿಸಿಟ್ಟ ಪಿನ್, ಟ್ರಂಕಿನ ತಳದಲ್ಲಿಟ್ಟ ಉದ್ರಿ ಪುಸ್ತಕ: ಇಂಥವು ಕಂಡಲ್ಲಿ ಬೇಡಿಕೆ ಇದೆ. ಮುಚ್ಚಿಡಲು ಯಾವ ಉಪಾಯವನ್ನೂ ಮಾಡಿರದವರು ಆ್ಯಪ್ ಹಾಕಿಕೊಂಡರೂ ಒಂದು ವಾರದಲ್ಲಿ ಮರೆಯುತ್ತಾರೆ.

ಯಾರಿಂದ ಮುಚ್ಚಿಡಬೇಕು ಎಂಬುದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ನರಗುಂದದ ಅಡತಿ ವ್ಯಾಪಾರಿಯ ಲೆಕ್ಕವನ್ನು ಮಗನೂ ಗುಮಾಸ್ತನೂ ನೋಡಬೇಕಾಗಬಹುದು. ಒಬ್ಬರಿಗೇ ತೆರೆದುಕೊಳ್ಳುವ ಆ್ಯಪ್ ಅಲ್ಲಿ ಅಡ್ಡಿಯೇ ಆಗುತ್ತದೆ. ಪಟ್ಟೆದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದಲ್ಲಿ ನೇಕಾರರು ನೂಲು, ಮುಂಗಡ, ಕೂಲಿಯ ಲೆಕ್ಕ ಇಟ್ಟರೆ, ಅದು ಗುಟ್ಟಾಗಿರುವುದಕ್ಕಿಂತ ಕಳೆಯದೆ ಇರುವುದೇ ಅವರಿಗೆ ಮುಖ್ಯವಾಗಿರಬಹುದು. ಸ್ವಸಹಾಯ ಸಂಘದಲ್ಲಿ ಉಳಿತಾಯ ಮಾಡುವ ಹೆಣ್ಣುಮಗಳ ಸ್ಥಿತಿ ಬೇರೆ. ಮನೆಯವರೆಲ್ಲ ಒಂದೇ ಫೋನ್ ಹಿಡಿಯುವ ಕಡೆ, ದೂರದ ಸರ್ವರ್‌ನವರು ಓದಿಯಾರೆಂಬ ಭಯಕ್ಕಿಂತ ಪಕ್ಕದಲ್ಲಿ ಕೂತವರು ಓದಿಯಾರೆಂಬ ಭಯ ದೊಡ್ಡದು. ಆಕೆಗೆ ಮೊದಲು ಬೇಕಾದದ್ದು ಆ್ಯಪ್‌ಗೇ ಒಂದು ಪ್ರತ್ಯೇಕ ಬೀಗ. ಎನ್‌ಕ್ರಿಪ್ಷನ್ ಎಷ್ಟು ಗಟ್ಟಿಯಾಗಿದ್ದರೂ ತೆರೆದಿಟ್ಟ ಫೋನಿನಲ್ಲಿ ಅದು ಕಾಯುವುದಿಲ್ಲ.

ಎನ್‌ಕ್ರಿಪ್ಷನ್‌ಗೊಂದು ಬೆಲೆಯೂ ಇದೆ, ಅದನ್ನು ಮುಚ್ಚದೆ ಹೇಳಬೇಕು: ಪಾಸ್‌ವರ್ಡ್ ಮರೆತರೆ ಸಾಮಾನ್ಯವಾಗಿ ಕಂಪನಿಯೂ ಟಿಪ್ಪಣಿಯನ್ನು ಮರಳಿಸಲಾರದು. ಇದನ್ನು ಕೇಳಿದ ಮೇಲೂ ಬೇಕೆನ್ನುವವರೇ ನಿಜವಾದ ಗಿರಾಕಿಗಳು.

ಆ್ಯಪ್ ಇಲ್ಲದೆಯೇ ಪರೀಕ್ಷೆ ನಡೆಸಬಹುದು. 1996ರಲ್ಲಿ ಪೇಟೆಗೆ ಬಂದ ಪಾಮ್ ಪೈಲಟ್ ಎಂಬ ಅಂಗೈಗಾತ್ರದ ಕಂಪ್ಯೂಟರ್ ತಯಾರಾಗುವ ಮೊದಲು ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು, ಅದರ ಮೇಲೆ ಬರೆಯುವಂತೆ ನಟಿಸುತ್ತ, ನಿಜಕ್ಕೂ ಯಾವಾಗ ಬೇಕಾಗುತ್ತದೆ ಎಂದು ನೋಡಿಕೊಂಡ. ಕಡತಗಳನ್ನು ಸರ್ವರ್‌ನಲ್ಲಿಡುವ ಡ್ರಾಪ್‌ಬಾಕ್ಸ್ ಸೇವೆ 2008ರಲ್ಲಿ ಒಂದು ವಿಡಿಯೊ ಬಿಟ್ಟಾಗ ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ಏರಿತು. ಈ ಮೂರು ಪಟ್ಟಣಗಳಲ್ಲಿ ಕಾಗದದ ಮೇಲೆ ಬಿಡಿಸಿದ ಆ್ಯಪ್ ಪರದೆಗಳು, ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ಕನ್ನಡ ವಿಡಿಯೊ, ಕೊನೆಗೊಂದು ಮಿಸ್ಡ್ ಕಾಲ್ ನಂಬರ್ ಸಾಕು. ಆ್ಯಪ್ ಇನ್ನೂ ಸಿದ್ಧವಾಗಿಲ್ಲವೆಂದು ಸ್ಪಷ್ಟವಾಗಿ ಹೇಳಿ, ಯುಪಿಐ ಮೂಲಕ ಸಣ್ಣ ಮುಂಗಡ ಪಡೆದು, ಆ್ಯಪ್ ಬಾರದಿದ್ದರೆ ಹಿಂತಿರುಗಿಸಬೇಕು. ಮಿಸ್ಡ್ ಕಾಲ್ ಕೊಡುವುದು ಸುಲಭ, ಹತ್ತು ರೂಪಾಯಿ ಕಳಿಸುವವರು ಕಡಿಮೆ. ಲೆಕ್ಕಕ್ಕೆ ಬರುವವರು ಅವರೇ. ಮುಂಗಡ ಕೇಳಲು ಹೆಸರುಕಾಳು, ಕಡಲೆ ರಾಶಿಯಾಗಿ ಕೈಗೆ ಹಣ ಬಂದ ಹೊತ್ತೇ ಸರಿ. ಬಿತ್ತನೆಯ ಕಾಲದಲ್ಲಿ ಕೇಳಿದರೆ ಬೇಡಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಪರೀಕ್ಷೆಗೆಂದು ಯಾರ ನಿಜವಾದ ಪಿನ್ನನ್ನೂ ಲೆಕ್ಕವನ್ನೂ ಪಡೆಯಬಾರದು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಗುಟ್ಟು ಕಾಯುವ ಆ್ಯಪ್‌ನವರು ಫೋನ್ ನಂಬರನ್ನೂ ಒಪ್ಪಿಗೆ ಕೇಳಿಯೇ ಬರೆದುಕೊಳ್ಳಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು. ಎಷ್ಟು ಮಂದಿ ಮುಂಗಡ ಕೊಟ್ಟರೆ ಕಟ್ಟುವುದು, ಎಷ್ಟಕ್ಕಿಂತ ಕಡಿಮೆಯಾದರೆ ಕೈಬಿಡುವುದು ಎಂಬುದು ವಿಡಿಯೊ ಹರಿದಾಡುವ ಮೊದಲೇ ತೀರ್ಮಾನವಾಗಿರಬೇಕು.