ಮೊಣಕಾಲು, ಮೋಟಾರು ಮತ್ತು ಸಿಂಹಗಡ

ಪುಣೆಯಲ್ಲಿ ಸೈಕಲ್ ಹೊಡೆಯುವವರಿಗೆಲ್ಲ ಒಂದೇ ಪರೀಕ್ಷೆ, ಸಿಂಹಗಡ. ಖಡಕವಾಸಲಾ ಅಣೆಕಟ್ಟು ದಾಟಿದ ಮೇಲೆ ಬುಡದಿಂದ ಸುಮಾರು 9 ಕಿ.ಮೀ. ಏರು, ಹೆಚ್ಚುಕಡಿಮೆ 600 ಮೀಟರ್ ಎತ್ತರ. 1670ರಲ್ಲಿ ತಾನಾಜಿ ರಾತ್ರಿಯಲ್ಲಿ ಬಂಡೆ ಹತ್ತಿದ ಕೋಟೆಯಿದು. ನಮಗೆ ಡಾಂಬರು ರಸ್ತೆ ಇದ್ದೂ ಏದುಸಿರು. ನಾಲ್ಕು ವರ್ಷ ಗೆಳೆಯರ ಜೊತೆ ಭಾನುವಾರ ಹತ್ತಿದೆ. ಆಮೇಲೆ ಬಲ ಮೊಣಕಾಲು ಕೈಕೊಟ್ಟಿತು.

"ಸೈಕಲ್ ಬಿಡಬೇಡಿ, ಆದರೆ ಏರಿನಲ್ಲಿ ಜೋರಾಗಿ ತುಳಿಯಬೇಡಿ" ಎಂದರು ಡಾಕ್ಟರು. ಜೋರಾಗಿ ತುಳಿಯದೆ ಗುಡ್ಡ ಹತ್ತುವುದು ಹೇಗೆ? ಗೆಳೆಯರು ಮೇಲೆ ಕೂತು ಪಿಠಲ-ಭಾಕರಿ ತಿನ್ನುವ ಫೋಟೋ ಕಳಿಸುತ್ತಿದ್ದರು. ಅದು ನಮ್ಮ ಧಾರವಾಡದ ಜುಣಕ-ರೊಟ್ಟಿಯ ಅಣ್ಣನೇ. ಹೊಟ್ಟೆ ಉರಿಯದೆ ಇನ್ನೇನು?

ಹೊಸ ಇ-ಸೈಕಲ್ಲಿನ ಬೆಲೆ ನೋಡಿ ಹಳೆಯ ಗೇರ್ ಸೈಕಲ್ಲಿಗೇ ಮೋಟಾರು ಕೂರಿಸಲು ನಿರ್ಧರಿಸಿದೆ. ಮೊದಲು ಲೆಕ್ಕ ಹಾಕಿದೆ. ನಾನು, ಸೈಕಲ್, ಮೋಟಾರು, ಬ್ಯಾಟರಿ ಸೇರಿ 100 ಕೆಜಿ. ಅಷ್ಟು ಭಾರವನ್ನು 600 ಮೀಟರ್ ಎತ್ತಲು ಬೇಕಾಗುವುದು ಸುಮಾರು 163 ವ್ಯಾಟ್-ಅವರ್. ಮೋಟಾರಿನಲ್ಲಿ ಮೂರನೇ ಒಂದು ಪಾಲು ಶಾಖವಾಗಿ ಹೋದರೂ 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ಇದೆಯಲ್ಲ, ಸಾಕು. ಮೋಟಾರು 250 ವ್ಯಾಟಿನದು. ಅದಕ್ಕಿಂತ ದೊಡ್ಡದು ಹಾಕಿದರೆ ಅಥವಾ ವೇಗ ಗಂಟೆಗೆ 25 ಕಿ.ಮೀ. ದಾಟಿದರೆ ನೋಂದಣಿ, ಲೈಸೆನ್ಸ್ ಎಂದು ಕಾನೂನು ಅಡ್ಡ ಬರುತ್ತದೆ.

ಗುಡ್ಡಕ್ಕೆ ನಿಜವಾಗಿ ಒಳ್ಳೆಯದು ಪೆಡಲ್ ಇರುವ ಜಾಗದಲ್ಲಿ ಕೂರುವ ಮೋಟಾರು. ಅದರ ಶಕ್ತಿ ಚೈನಿನ ಮೂಲಕ ಹೋಗುವುದರಿಂದ ಸೈಕಲ್ಲಿನ ಗೇರುಗಳು ಅದಕ್ಕೂ ಸಿಗುತ್ತವೆ. ಅದು ದುಬಾರಿ ಎಂದು ನಾನು ಹಿಂದಿನ ಗಾಲಿಯೊಳಗೇ ಇರುವ ಹಬ್ ಮೋಟಾರು ತಂದೆ.

ಮೊದಲ ವಾರವೇ ಪಾಠವಾಯಿತು. ಆಕ್ಸಲ್ ತಿರುಗದಂತೆ ಹಿಡಿದಿಡುವ ಒಂದು ಉಕ್ಕಿನ ಪಟ್ಟಿ ಕಿಟ್ಟಿನಲ್ಲೇ ಇತ್ತು. ನಟ್ಟು ಬಿಗಿಯಾಗಿದೆಯಲ್ಲ ಎಂದು ಅದನ್ನು ಡ್ರಾಯರಿನಲ್ಲಿ ಹಾಕಿದ್ದೆ. ಬಾವಧನದ ಏರಿನಲ್ಲಿ ಆಕ್ಸಲ್ ಗರ್ರನೆ ತಿರುಗಿ, ವೈರು ಸುತ್ತಿ ಹರಿದು, ಗಾಲಿ ಓರೆಯಾಗಿ ನಿಂತಿತು. ಹಿಂದೆಯೇ ಸಿಟಿ ಬಸ್ಸು. ಚಾಲಕ ಬ್ರೇಕ್ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಮನೆಯಲ್ಲಿ ಹೇಳದೆ ಇರಲಾಗಲಿಲ್ಲ. "ಗುಡ್ಡ ಏರೂದು ಇರ್ಲಿ, ಮೊದ್ಲ ಮನೀಗೆ ನೆಟ್ಟಗ ಬರ್ರಿ" ಎಂದಳು ಹೆಂಡತಿ. ಮರುದಿನ ಹೊಸ ವೈರು, ಎರಡೂ ಬದಿಗೆ ಪಟ್ಟಿ, ಜೊತೆಗೆ ಹೊಸ ಬ್ರೇಕ್ ಪ್ಯಾಡು.

ಮುಂದಿನ ತಿಂಗಳು ಸಿಂಹಗಡ. ಬುಡದವರೆಗೆ ಮೋಟಾರು ಆಫ್. ಏರಿನಲ್ಲಿ ಎಲ್ಲಕ್ಕಿಂತ ಹಗುರ ಗೇರು ಹಾಕಿ ಸುಮ್ಮನೆ ಕಾಲಾಡಿಸುತ್ತ ಹೋದೆ. ಹಬ್ ಮೋಟಾರಿಗೆ ನಿಧಾನವೇ ಶತ್ರು; ವೇಗ 8ಕ್ಕೆ ಇಳಿದರೆ ಕರೆಂಟು ತಳ್ಳುವ ಬದಲು ಬಿಸಿಯಾಗುತ್ತದೆ. ಕಡಿದಾದ ಎರಡು ತಿರುವುಗಳ ನಂತರ ಮುಟ್ಟಿದರೆ ಕೈ ಸುಡುವಂತಿತ್ತು. ಹತ್ತು ನಿಮಿಷ ನಿಂತೆ, ಲಿಂಬು ಶರಬತ್ತು ಕುಡಿದೆ, ಮತ್ತೆ ಹೊರಟೆ.

ಇಳಿಯುವಾಗ ಚಾರ್ಜ್ ಆಗುತ್ತಾ ಎಂದು ಎಲ್ಲರೂ ಕೇಳುತ್ತಾರೆ. ನನ್ನದರಲ್ಲಿ ಆಗುವುದಿಲ್ಲ. ಒಳಗಿನ ಕ್ಲಚ್ ಇಳಿಜಾರಿನಲ್ಲಿ ಮೋಟಾರನ್ನು ಬಿಡಿಸಿಬಿಡುತ್ತದೆ, 100 ಕೆಜಿಯನ್ನೂ ಬ್ರೇಕೇ ಹಿಡಿಯಬೇಕು. ಹಾಗಾಗಿ ಬ್ರೇಕಿನ ವಿಷಯದಲ್ಲಿ ಜಿಪುಣತನ ಬೇಡ.

ಮೇಲೆ ತಲುಪಿದಾಗ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧ ಉಳಿದಿತ್ತು. ಮೊಣಕಾಲು ನೋಯಲಿಲ್ಲ. "ಇದು ಮೋಸ ಕಣೋ" ಎಂದ ಬೆವರಲ್ಲಿ ತೊಯ್ದಿದ್ದ ಗೆಳೆಯ. ನಾನು ಉತ್ತರ ಕೊಡಲಿಲ್ಲ. ಬಾಯಲ್ಲಿ ಭಾಕರಿ ಇತ್ತು.